ಕನ್ನಡ ಶಾಲೆಗಳ ಉದ್ಧಾರಕರಾದ ಡೆಪ್ಯುಟಿ ಚನ್ನಬಸಪ್ಪನವರು

ವಿದ್ಯಾದಾನವು ದಾನಗಳಲ್ಲೆಲ್ಲ ಮಿಗಿಲಾದುದೆಂದು ಹಿರಿಯರು ಎಣಿಸಿರುವರು. ಆದರೆ ಕಲಿಯುವ ಕೂಸಿಗೆ ತಿಳಿಯದ ನುಡಿಯಲ್ಲಿ ಕೊಟ್ಟ ವಿದ್ಯೆಯು ಮೈಗೆ ಹತ್ತದ ಅನ್ನದಂತೆ ವ್ಯರ್ಥವಾಗುವುದು. ಇದನ್ನರಿತು ಕನ್ನಡ ಮಕ್ಕಳಿಗೆ ಕನ್ನಡ ಶಾಲೆಗಳನ್ನು ದೊರಕಿಸಿಕೊಟ್ಟ ಮಹನೀಯರಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಅಗ್ರಗಣ್ಯರು.

ಇವರು 1834ರಲ್ಲಿ ಧಾರವಾಡದಲ್ಲಿ ಜನಿಸಿದರು. 1818ರಲ್ಲಿ ಪೇಶವೆಯರ ಆಳಿಕೆಯು ಮುಗಿದು, ಈ ಸೀಮೆಯು ಇಂಗ್ಲಿಷರ ವಶವಾಗಿ ಮುಂಬಯಿ ಇಲಾಖೆಗೆ ಸೇರಿತ್ತು. ಕಚೇರಿಯ ಕಾಗದಪತ್ರಗಳು ಮರಾಠಿಯಲ್ಲಿ ನಡೆಯುತ್ತಿದ್ದುದರಿಂದ ಸರಕಾರಿ ಶಾಲೆಗಳಲ್ಲಿಯೂ ಮರಾಠಿಯೇ ನೆಲೆಗೊಂಡಿತು. ಮನೆಯಲ್ಲಿ ಕನ್ನಡವನ್ನಾಡುವ ಬಾಲಕರು ಶಾಲೆಯಲ್ಲಿ ಮರಾಠಿ ಪಾಠವನ್ನು ಅರ್ಥವರಿಯದೆ ಉರುಹೊಡೆಯಬೇಕಾಯಿತು.

ಪುಣೆಯಲ್ಲಿ ವ್ಯಾಸಂಗ ಮಾಡಿದ ಚನ್ನಬಸಪ್ಪನವರು ವಿದ್ಯಾಖಾತೆಯ ಸೇವೆಯನ್ನು ಕೈಕೊಂಡರು. ಡೆಪ್ಯುಟಿ ಇನ್ಸ್ಪೆಕ್ಟರರಾಗಿ ಅವರು ಮಾಡಿದ ಕಾರ್ಯದಿಂದ ಆ ಅಧಿಕಾರದ ಹೆಸರೇ ಅವರ ಹೆಸರಿನೊಡನೆ ಬೆರೆತುಹೋಯಿತು. ಶಾಲೆ ಮರಾಠಿಯದು, ಮಕ್ಕಳು ಕನ್ನಡಿಗರು ಎಂಬ ವೈಪರೀತ್ಯವನ್ನು ಅವರು ಸಹಿಸಲಿಲ್ಲ. ಮೇಲಧಿಕಾರಿಗಳಾದ ರಸೆಲ್ ಸಾಹೇಬರ ಬೆಂಬಲವನ್ನು ಪಡೆದು, ಇಂಥ ಶಾಲೆಗಳನ್ನು ಕನ್ನಡ ಶಾಲೆಗಳನ್ನಾಗಿ ಮಾರ್ಪಡಿಸತೊಡಗಿದರು. ಇದು ಮರಾಠಿಯ ನಿಂದೆಯಲ್ಲ. ಮಗುವಿನ ತಾಯ್ನುಡಿಗೆ ಸಲ್ಲಬೇಕಾದ ಸ್ಥಾನವನ್ನು ಸಲ್ಲಿಸಿದ ನ್ಯಾಯ.

ಆದರೆ ಬರಿಯ ಹುಕುಮಿನಿಂದ ಶಾಲೆಯು ಬದಲಾಗದು. ಕನ್ನಡ ಬಲ್ಲ ಮಾಸ್ತರರಿಲ್ಲದೆ, ಕನ್ನಡ ಪುಸ್ತಕಗಳಿಲ್ಲದೆ ಫಲಕದ ಮೇಲಿನ ಹೆಸರು ಮಾತ್ರ ಬದಲಾದೀತು. ಆದಕಾರಣ ಚನ್ನಬಸಪ್ಪನವರು ಶಾಲೆಗಳ ತಪಾಸಣೆಯೊಡನೆ ಶಿಕ್ಷಕರ ತರಬೇತಿಗೂ ಪುಸ್ತಕರಚನೆಗೂ ಸಮಾನವಾಗಿ ಲಕ್ಷ್ಯವಿತ್ತರು. ಗಂಗಾಧರ ಮಡಿವಾಳೇಶ್ವರ ತುರಮರಿ, ವೆಂಕಟ ರಂಗೋ ಕಟ್ಟಿ ಮುಂತಾದ ವಿದ್ವಾಂಸರು ಈ ಯುಗದ ಕನ್ನಡ ಕಾರ್ಯದಲ್ಲಿ ಜೊತೆಗೂಡಿದರು. ಶಿಕ್ಷಕರ ಸಲುವಾಗಿ ಮಠಪತ್ರಿಕೆಯು ಹೊರಟಿತು. ಅಂದು ಶಾಲೆಯನ್ನು ಜನರು ಮಠವೆಂದೇ ಕರೆಯುತ್ತಿದ್ದುದರಿಂದ ಆ ಹೆಸರು ಸಹಜವಾಗಿತ್ತು. ಸ್ವತಃ ಚನ್ನಬಸಪ್ಪನವರು ಶೇಕ್ಸ್‌ಪಿಯರ್ ಮಹಾಕವಿಯ ವಿನೋದ ನಾಟಕವೊಂದನ್ನು ನಗದವರನ್ನು ನಗಿಸುವ ಕಥೆಯೆಂಬ ಹೆಸರಿನಿಂದ 1871ರಲ್ಲಿ ಕನ್ನಡಕ್ಕೆ ತಂದು, ಎಂಥ ವಿಷಯವನ್ನೂ ಈ ನುಡಿಯು ಹೊರಬಲ್ಲುದೆಂಬುದನ್ನು ತೋರಿಸಿದರು.

ಐವತ್ತು ವರುಷವೂ ತುಂಬುವ ಮುನ್ನ, 1881ರಲ್ಲಿ, ಅವರ ದೇಹವು ಬಿದ್ದಿತು. ಕೈಕೊಂಡ ಕಾರ್ಯವು ಬೀಳಲಿಲ್ಲ. ಕನ್ನಡ ಶಾಲೆಗಳಲ್ಲಿ ಅಕ್ಷರ ಕಲಿತವರಿಂದ ಓದುಗರ ವರ್ಗವು ಬೆಳೆಯಿತು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿದಾಗ ಅದಕ್ಕೆ ನೆಲವು ಹದವಾಗಿತ್ತು.

ಅಧಿಕಾರವು ದೊರೆತಾಗ ಅದನ್ನು ಕಾಯಕವೆಂದು ಬಗೆದು, ಜನರ ಮಕ್ಕಳಿಗೆ ಸಲ್ಲಿಸಿದ ದಾಸೋಹವೆಂದೇ ಅವರ ಬಾಳನ್ನು ಎಣಿಸಬಹುದು. ವಿದ್ಯಾಕಾರ್ಯಕ್ಕೆ ಕೈನೀಡುವ ಭಕ್ತರೆಲ್ಲರೂ ಶಾಲೆಯ ಕಟ್ಟಡವನ್ನು ಎಬ್ಬಿಸುವುದರ ಜೊತೆಗೆ, ಒಳಗೆ ಕುಳಿತ ಮಗುವಿಗೆ ಪಾಠವು ತಿಳಿಯುವುದೇ ಎಂದು ವಿಚಾರಿಸುವುದೇ ಆ ಪುಣ್ಯಪುರುಷರ ನಿಜವಾದ ಸ್ಮರಣೆ.