ನೋಡಿ ಕಲಿತ ಕಲಾವಿದ ಕೆ. ಕೆ. ಹೆಬ್ಬಾರ

ಮುಂಬಯಿಯ ಕಾಲಾಘೋಡಾದಲ್ಲಿರುವ ಜಹಾಂಗೀರ್ ಆರ್ಟ್ ಗ್ಯಾಲರಿಯನ್ನು ನಾವೆಲ್ಲರೂ ಬಲ್ಲೆವು. ಆದರೆ ಅದರ ಹುಟ್ಟಿಗೆ ಉಡುಪಿ ಕಡೆಯ ಒಬ್ಬರ ಒತ್ತಾಸೆಯಿತ್ತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ಅವರೇ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು.

1911ರಲ್ಲಿ ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ ಜನಿಸಿದ ಹೆಬ್ಬಾರರು ಮುಂಬಯಿಗೆ ಬಂದು, 1938ರಲ್ಲಿ ಜೆ. ಜೆ. ಕಲಾಶಾಲೆಯ ಡಿಪ್ಲೊಮಾ ಪಡೆದರು. ಮುಂದೆ ಅಲ್ಲಿಯೇ ಅಧ್ಯಾಪಕರಾದರು. ಅಂದಿನ ತರಗತಿಗಳಲ್ಲಿ ಪ್ರಧಾನವಾಗಿದ್ದುದು ಪಾಶ್ಚಾತ್ಯ ಪದ್ಧತಿ: ನೆರಳು-ಬೆಳಕಿನ ಲೆಕ್ಕ, ಕಂಡದ್ದನ್ನು ಕಂಡಂತೆ ಮೂಡಿಸುವ ನೈಪುಣ್ಯ. ಹೆಬ್ಬಾರರಿಗೆ ಅದು ಚೆನ್ನಾಗಿಯೇ ಒಲಿಯಿತು. ಆದರೆ ಹೀಗೆ ಪಳಗಿದ ಕೈ ಬರೆಯುತ್ತಿರುವುದು ತನ್ನದೇ ಚಿತ್ರವೇ ಎಂಬ ಅತೃಪ್ತಿ ಅವರನ್ನು ಬಿಡಲಿಲ್ಲ. ಕೈಗೆ ಹತ್ತಿದ ವಿದ್ಯೆಯನ್ನೇ ಸಂಶಯಿಸುವುದು ಸಣ್ಣ ಸಾಹಸವಲ್ಲವೆಂದು ನಾವು ಭಾವಿಸುತ್ತೇವೆ.

ಅಲ್ಲಿಂದ ಅವರ ಎರಡನೆಯ ವಿದ್ಯಾಭ್ಯಾಸ ಆರಂಭವಾಯಿತೆನ್ನಬೇಕು. ಅಜಂತೆಯ ಭಿತ್ತಿಚಿತ್ರಗಳು, ಜೈನ ಹಸ್ತಪ್ರತಿಗಳ ಚಿತ್ರಗಳು, ಮೊಘಲ ಹಾಗೂ ರಾಜಪೂತ ಕಿರುಚಿತ್ರಗಳು ಅವರಿಗೆ ಗುರುಗಳಾದವು. ನೆರಳಿನ ನೆರವಿಲ್ಲದೆ ಬರಿಯ ರೇಖೆ, ಚಪ್ಪಟೆ ಬಣ್ಣಗಳಿಂದಲೇ ದೇಹಕ್ಕೆ ಜೀವ ಬರುವ ಬಗೆಯನ್ನು ಅಲ್ಲಿ ಕಾಣಬಹುದಿತ್ತು. ಪಶ್ಚಿಮದ ಶಿಕ್ಷಣವನ್ನೂ ಭಾರತೀಯ ಪರಂಪರೆಯನ್ನೂ ಬೆಸೆದಿದ್ದ ಅಮೃತಾ ಶೇರ್‌ಗಿಲ್ ಅವರ ಚಿತ್ರಗಳೂ ಪ್ರಭಾವ ಬೀರಿದವು. ಹಾಗೆಂದು ಪಶ್ಚಿಮಕ್ಕೆ ಅವರು ಬೆನ್ನು ಹಾಕಲಿಲ್ಲ. 1949-50ರಲ್ಲಿ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್‌ನಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. ಲಯವನ್ನು ಮೈಯಿಂದಲೇ ಅರಿಯಲೆಂದು ಕಥಕ್ ನೃತ್ಯವನ್ನೂ ಅಭ್ಯಾಸ ಮಾಡಿದರು! ಅವರ ನರ್ತಕರ ರೇಖಾಚಿತ್ರಗಳಲ್ಲಿ ಗೆರೆಯೊಂದು ಪಾದದಿಂದ ಬೆರಳ ತುದಿಯವರೆಗೆ ತಡೆಯಿಲ್ಲದೆ ಹರಿಯುವುದರ ಗುಟ್ಟು ಇಲ್ಲಿದೆ.

ಹೀಗೆ ನೋಡಿ ಕಲಿತವರಿಗೆ, ನೋಡಲೊಂದು ತಾಣವಿಲ್ಲದ ಊರಿನ ಕೊರತೆ ಬೇರೆಯವರಿಗಿಂತ ಹೆಚ್ಚು ತಟ್ಟಿದ್ದರೆ ಆಶ್ಚರ್ಯವೇನು? ಹೆಬ್ಬಾರರೂ ವಿಜ್ಞಾನಿ ಹೋಮಿ ಭಾಭಾ ಅವರೂ ಒತ್ತಾಯಿಸಿದ್ದರಿಂದ ಸರ್ ಕಾವಸ್‌ಜಿ ಜಹಾಂಗೀರರು ನೀಡಿದ ಕೊಡುಗೆಯೇ 1952ರಲ್ಲಿ ತೆರೆದ ಆ ಗ್ಯಾಲರಿ.

1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಅವರಿಗೆ ಸಂದವು. ತಮ್ಮ ಹಲವು ಕೃತಿಗಳನ್ನು ಅವರು ತಾಯ್ನಾಡಿಗಿತ್ತರು. ಅವು ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯನ್ನು ಸೇರಿದವು. 1996ರ ಮಾರ್ಚ್‌ನಲ್ಲಿ ಹೆಬ್ಬಾರರು ಮುಂಬಯಿಯಲ್ಲಿ ತೀರಿಕೊಂಡರು. ಅದೇ ವರ್ಷ, ಜಹಾಂಗೀರ್ ಗ್ಯಾಲರಿಯಿಂದ ಕೂಗಳತೆಯ ದೂರದಲ್ಲಿ, ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ಮುಂಬಯಿ ಶಾಖೆ ಬಾಗಿಲು ತೆರೆಯಿತು.