ವಾಲ್‌ಚಂದ್ ಹೀರಾಚಂದ್

ವಾಲ್‌ಚಂದ್ ಹೀರಾಚಂದ್ ದೋಶಿ (23 ನವೆಂಬರ್ 1882 – 8 ಏಪ್ರಿಲ್ 1953) ಭಾರತದ ಉದ್ಯಮಿ. ಹಡಗು, ವಿಮಾನ ಹಾಗೂ ಮೋಟಾರು ವಾಹನಗಳ ತಯಾರಿಕೆಗೆ ದೇಶದಲ್ಲಿ ತಳಹದಿ ಹಾಕಿದವರಲ್ಲಿ ಇವರು ಪ್ರಮುಖರು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಮತ್ತು ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್ ಇವರು ಸ್ಥಾಪಿಸಿದ ಸಂಸ್ಥೆಗಳು.

ಜನನ ಮತ್ತು ವಿದ್ಯಾಭ್ಯಾಸ

ವಾಲ್‌ಚಂದ್ ಜನಿಸಿದ್ದು ಸೋಲಾಪುರದಲ್ಲಿ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಉತ್ತರಕ್ಕೆ, ಭೀಮಾ ನದಿಯ ಆಚೆಗಿರುವ ಈ ಗಡಿನಗರದಲ್ಲಿ ಮರಾಠಿಯೊಂದಿಗೆ ಕನ್ನಡವೂ ಬಳಕೆಯಲ್ಲಿದೆ. ಗುಜರಾತಿನಿಂದ ಬಂದು ನೆಲೆಸಿದ ದಿಗಂಬರ ಜೈನ ಮನೆತನ ಇವರದು. ತಂದೆ ಹೀರಾಚಂದರು ಹತ್ತಿಯ ವ್ಯಾಪಾರ ಮತ್ತು ಲೇವಾದೇವಿ ನಡೆಸುತ್ತಿದ್ದರು. ವಾಲ್‌ಚಂದ್ ಮುಂಬಯಿಯ ಸೇಂಟ್ ಝೇವಿಯರ್ಸ್ ಮತ್ತು ಪುಣೆಯ ಡೆಕ್ಕನ್ ಕಾಲೇಜುಗಳಲ್ಲಿ ಓದಿದರು.

ಗುತ್ತಿಗೆ ಮತ್ತು ಹಡಗು

ಮನೆತನದ ವ್ಯಾಪಾರದಲ್ಲಿ ಆಸಕ್ತಿ ಹುಟ್ಟದ ಕಾರಣ, ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಲಕ್ಷ್ಮಣರಾವ್ ಫಾಟಕರೊಡನೆ ಪಾಲುದಾರರಾಗಿ ರೈಲುಮಾರ್ಗ ನಿರ್ಮಾಣದ ಗುತ್ತಿಗೆ ಹಿಡಿದರು. 1919ರಲ್ಲಿ ನರೋತ್ತಮ ಮೊರಾರ್ಜಿ ಮೊದಲಾದವರೊಂದಿಗೆ ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯನ್ನು ಆರಂಭಿಸಿದರು. ಅದೇ ವರ್ಷ ಏಪ್ರಿಲ್ 5ರಂದು ಈ ಕಂಪನಿಯ 'ಲಾಯಲ್ಟಿ' ಹಡಗು ಮುಂಬಯಿಯಿಂದ ಇಂಗ್ಲೆಂಡಿಗೆ ಹೊರಟಿತು. ಆ ದಿನವನ್ನು ಈಗ ರಾಷ್ಟ್ರೀಯ ಕಡಲಯಾನ ದಿನವನ್ನಾಗಿ ಆಚರಿಸಲಾಗುತ್ತದೆ.

ಮೈಸೂರು ಸಂಸ್ಥಾನ ಮತ್ತು ಮೋಟಾರು ಕಾರ್ಖಾನೆ

ಭಾರತದಲ್ಲಿಯೇ ಮೋಟಾರು ವಾಹನಗಳನ್ನು ತಯಾರಿಸಬೇಕೆಂಬ ಯೋಜನೆಯನ್ನು ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ರೂಪಿಸಿದರು. 1935ರಲ್ಲಿ ಅವರು ಯುರೋಪ್ ಮತ್ತು ಅಮೆರಿಕದ ಕಾರ್ಖಾನೆಗಳನ್ನು ಕಂಡು ಬಂದು ವರದಿ ಸಿದ್ಧಪಡಿಸಿದರು. ಯೋಜನೆಯನ್ನು ಕಾರ್ಯರೂಪಕ್ಕೆ ತರಲು ಮುಂದಾದವರು ವಾಲ್‌ಚಂದ್. ಮೈಸೂರು ಸಂಸ್ಥಾನವೂ ನೆರವಿಗೆ ಒಲವು ತೋರಿತು. ಆದರೆ ಬ್ರಿಟಿಷ್ ಭಾರತ ಸರ್ಕಾರ ಬೆಂಬಲ ನೀಡಲಿಲ್ಲ. ಮಹಾಯುದ್ಧದ ಕಾಲದಲ್ಲಿಯೂ ಕಾರು ತಯಾರಿಕೆಯನ್ನು ಯುದ್ಧಕ್ಕೆ ಅಗತ್ಯವಾದ ಉದ್ಯಮವೆಂದು ಅದು ಒಪ್ಪಲಿಲ್ಲ. ಹೀಗೆ ಬೆಂಗಳೂರಿನಲ್ಲಿ ಕಾರು ಕಾರ್ಖಾನೆ ಸ್ಥಾಪನೆಯಾಗುವ ಅವಕಾಶ ತಪ್ಪಿತು.

ಕಾರಿಗೆ ದೊರೆಯದ ಒಪ್ಪಿಗೆ ವಿಮಾನಕ್ಕೆ ದೊರೆಯಿತು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಸಹಕಾರದಿಂದ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪನೆಯಾಯಿತು. ಮೈಸೂರು ಸರ್ಕಾರ 25 ಲಕ್ಷ ರೂಪಾಯಿ ಹೂಡಿತು. 1941ರಲ್ಲಿ ಭಾರತ ಸರ್ಕಾರವೂ ಪಾಲುದಾರನಾಯಿತು. ಮರುವರ್ಷ ವಾಲ್‌ಚಂದರ ಪಾಲನ್ನು ಕೊಂಡುಕೊಂಡಿತು. ಈ ಸಂಸ್ಥೆಯೇ 1964ರಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ (ಎಚ್‌ಎಎಲ್) ಆಯಿತು.

ಪ್ರೀಮಿಯರ್ ಆಟೊಮೊಬೈಲ್ಸ್

ಅಮೆರಿಕದ ಕ್ರೈಸ್ಲರ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ವಾಲ್‌ಚಂದ್ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯನ್ನು ಸ್ಥಾಪಿಸಿದರು. ಮುಂಬಯಿಯ ಕುರ್ಲಾದ ಕಾರ್ಖಾನೆಯಲ್ಲಿ ಡಾಡ್ಜ್, ಪ್ಲಿಮತ್ ಕಾರುಗಳನ್ನೂ ಫಾರ್ಗೊ ಟ್ರಕ್ಕುಗಳನ್ನೂ ಜೋಡಿಸಲಾಗುತ್ತಿತ್ತು. ಮೊದಲು ಬಿಡಿಭಾಗಗಳು ವಿದೇಶದಿಂದ ಬರುತ್ತಿದ್ದವು. ಬಳಿಕ ಒಂದೊಂದಾಗಿ ಇಲ್ಲಿಯೇ ತಯಾರಾದವು. 1950ರ ದಶಕದ ಆರಂಭದಲ್ಲಿ ಇಟಲಿಯ ಫಿಯೆಟ್ ಕಂಪನಿಯೊಡನೆ ಸಹಯೋಗ ಏರ್ಪಟ್ಟಿತು. ಫಿಯೆಟ್ 1100 ಮಾದರಿಯಿಂದ ಬೆಳೆದ 'ಪ್ರೀಮಿಯರ್ ಪದ್ಮಿನಿ' ಮುಂದೆ ಮುಂಬಯಿಯ ಟ್ಯಾಕ್ಸಿಯಾಗಿ ಮನೆಮಾತಾಯಿತು.

ಕೊನೆಯ ವರ್ಷಗಳು ಮತ್ತು ಸ್ಮರಣೆ

1941ರಲ್ಲಿ ವಾಲ್‌ಚಂದ್ ಆರಂಭಿಸಿದ ವಿಶಾಖಪಟ್ಟಣದ ಹಡಗುಕಟ್ಟೆಯಲ್ಲಿ ಸಿದ್ಧವಾದ 'ಜಲ ಉಷಾ' ಹಡಗನ್ನು 1948ರಲ್ಲಿ ಜವಾಹರಲಾಲ್ ನೆಹರು ನೀರಿಗಿಳಿಸಿದರು. 1949ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ವಾಲ್‌ಚಂದ್ ಮರುವರ್ಷ ವ್ಯವಹಾರಗಳಿಂದ ನಿವೃತ್ತರಾದರು. 1953ರಲ್ಲಿ ಗುಜರಾತಿನ ಸಿದ್ಧಪುರದಲ್ಲಿ ನಿಧನರಾದರು. ಪುಣೆ ಜಿಲ್ಲೆಯ ವಾಲ್‌ಚಂದ್‌ನಗರ ಮತ್ತು ಸಾಂಗಲಿಯ ಇಂಜಿನಿಯರಿಂಗ್ ಕಾಲೇಜು ಇವರ ಹೆಸರನ್ನು ಹೊತ್ತಿವೆ. ಭಾರತೀಯ ಅಂಚೆ ಇಲಾಖೆ 2004ರಲ್ಲಿ ಇವರ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು.