ನಂಬಿ ನಡೆದ ಪಂಡಿತಾ ರಮಾಬಾಯಿ

ಮಾನವನ ಬಾಳಿನಲ್ಲಿ ಕಷ್ಟಗಳು ಬರುವುದು ಸಹಜ. ಅಂಥ ಸಮಯದಲ್ಲಿ ದೇವರನ್ನು ನಂಬಿ ನಡೆಯಬೇಕೆಂದು ಹಿರಿಯರು ಹೇಳುತ್ತಾರೆ. ಚಿಕ್ಕಂದಿನಿಂದಲೂ ನಾನು ಈ ಮಾತನ್ನು ಕೇಳುತ್ತ ಬಂದವನು. ಆದರೆ ನಾನು ಈ ಕಾಲೇಜಿಗೆ ಸೇರಿದ ವರ್ಷ ನಮ್ಮೂರಿನಲ್ಲಿ ಮಳೆ ತಪ್ಪಿ, ಬಿತ್ತಿದ ಜೋಳ ಮೊಣಕಾಲೆತ್ತರಕ್ಕೆ ಬಂದು ಒಣಗಿ ನಿಂತಾಗ, ನನಗೆ ಆ ಮಾತಿನ ಮೇಲೆಯೇ ಕೋಪ ಬಂದಿತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೆ. ಅಪ್ಪ ಎತ್ತುಗಳನ್ನು ಮಾರಿ ನನ್ನ ಖರ್ಚಿಗೆ ಕೊಟ್ಟಿದ್ದರು. ದಿನವೂ ತಪ್ಪದೆ ದೀಪ ಹಚ್ಚುವ ನಿನಗೆ ಆ ದೇವರು ಕೊಟ್ಟದ್ದೇನು ಎಂದು ಅವ್ವನನ್ನು ಕೇಳಿಬಿಟ್ಟೆ. ಅವ್ವ ಏನೂ ಹೇಳಲಿಲ್ಲ. ಕೊಡ ಎತ್ತಿಕೊಂಡು ನೀರಿಗೆ ಹೋದಳು.

ಕಳೆದ ವರ್ಷ ಪಂಡಿತಾ ರಮಾಬಾಯಿಯವರ ಜೀವನಚರಿತ್ರೆಯನ್ನು ಓದಿದೆ. ನಾನು ಕೇಳಿದ ಪ್ರಶ್ನೆಯನ್ನು ನನಗಿಂತ ನೂರು ಪಾಲು ಹೆಚ್ಚು ನೊಂದು ಕೇಳಿಕೊಂಡ ಜೀವ ಅದು. ಆದುದರಿಂದ ಅವರ ಕಥೆಯನ್ನು ನನ್ನ ಸಹಪಾಠಿಗಳ ಮುಂದಿಡಲು ಬಯಸುತ್ತೇನೆ.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗರೆ ನಮ್ಮ ಕಾರ್ಕಳದ ಸಮೀಪದ ಮಾಳದವರು. ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸರು. ಹೆಂಗಸರು ಸಂಸ್ಕೃತ ಕಲಿಯಬಾರದೆಂಬ ಕಾಲದಲ್ಲಿ ಅವರು ತಮ್ಮ ಪತ್ನಿ ಲಕ್ಷ್ಮೀಬಾಯಿಗೆ ಅದನ್ನು ಕಲಿಸಿದರು. ಊರವರ ವಿರೋಧವನ್ನು ಎದುರಿಸಿ, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡರು. ತುಂಗೆ ಭದ್ರೆಯರು ಹುಟ್ಟುವ ಆ ಸ್ಥಳದಲ್ಲಿಯೇ 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದರು. ಆರು ತಿಂಗಳ ಕೂಸಾಗಿದ್ದಾಗ ಅವರನ್ನು ಬೆತ್ತದ ಬುಟ್ಟಿಯಲ್ಲಿ ಮಲಗಿಸಿ, ಆಳಿನ ತಲೆಯ ಮೇಲೆ ಹೊರಿಸಿಕೊಂಡು, ಆ ಕುಟುಂಬ ತೀರ್ಥಯಾತ್ರೆಗೆ ಹೊರಟಿತು. ಕ್ಷೇತ್ರದಿಂದ ಕ್ಷೇತ್ರಕ್ಕೆ ಹೋಗಿ ಪುರಾಣ ಓದುವುದು, ಬಂದ ಕಾಣಿಕೆಯಲ್ಲಿ ಬದುಕುವುದು, ಉಳಿದದ್ದನ್ನು ದಾನ ಮಾಡುವುದು, ಇದೇ ಅವರ ಜೀವನಕ್ರಮ. ತಾಯಿಯ ಬಾಯಿಂದ ಪಾಠ ಕೇಳುತ್ತಲೇ ರಮಾಬಾಯಿ ಭಾಗವತದ 18,000 ಶ್ಲೋಕಗಳನ್ನು ಕಂಠಪಾಠ ಮಾಡಿದರು.

1870ರ ದಶಕದಲ್ಲಿ ಮದ್ರಾಸು ಪ್ರಾಂತದಲ್ಲಿ ಬರಗಾಲ ಬಿತ್ತು. ಕೈಯಲ್ಲಿದ್ದ ಹಣವನ್ನೆಲ್ಲ ದೇವರ ಹೆಸರಿನಲ್ಲಿ ದಾನ ಮಾಡಿ, ವ್ರತ ಹಿಡಿದು, ಜಪ ಮಾಡಿ ಅವರು ಕಾದರು. ಒಡವೆ ಹೋದವು, ಪಾತ್ರೆಗಳು ಹೋದವು. ಶಾಸ್ತ್ರ ಬಲ್ಲ ಆ ಕುಟುಂಬಕ್ಕೆ ಕೂಲಿ ಮಾಡಲು ಬಾರದು. ಭಿಕ್ಷೆ ಬೇಡಲು ನಾಚಿಕೆ. ತಿರುಪತಿಯ ಕಾಡಿನಲ್ಲಿ ಹನ್ನೊಂದು ದಿನ ನೀರು, ಎಲೆ, ಕಾಡು ಹಣ್ಣುಗಳಲ್ಲಿ ಜೀವ ಹಿಡಿದರು. ಮೊದಲು ತಂದೆ, ಬಳಿಕ ತಾಯಿ, ಆಮೇಲೆ ಅಕ್ಕ, ಒಬ್ಬರ ಹಿಂದೊಬ್ಬರು ತೀರಿಕೊಂಡರು. ತಾಯಿಯ ಶವವನ್ನು ಹೊರಲು ನಾಲ್ಕು ಜನ ಸಿಗದೆ ಮಗಳೂ ಹೆಗಲು ಕೊಡಬೇಕಾಯಿತು. ಉಳಿದವರಿಗಿಂತ ಗಿಡ್ಡವಳಾದ ಆಕೆ ಆ ಭಾರವನ್ನು ತಲೆಯ ಮೇಲೆ ಹೊತ್ತು ನಡೆದಳು.

ಉಳಿದವರು ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ, ಇಬ್ಬರೇ. ಕಾಲ್ನಡಿಗೆಯಲ್ಲಿ ಉತ್ತರ ದೇಶವನ್ನೆಲ್ಲ ಸುತ್ತಿದರು. ಹೊದೆಯಲು ಬಟ್ಟೆಯಿಲ್ಲದೆ ಝೇಲಂ ನದಿಯ ದಡದಲ್ಲಿ ಗುಂಡಿ ತೋಡಿ, ಮೈಮೇಲೆ ಮರಳೆಳೆದುಕೊಂಡು ಚಳಿಯ ರಾತ್ರಿಗಳನ್ನು ಕಳೆದರು. ತಂದೆತಾಯಿಗಳು ಹೇಳಿಕೊಟ್ಟ ನಂಬಿಕೆ ಈ ದಾರಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಸವೆದುಹೋಯಿತು. 1878ರಲ್ಲಿ ಕಲ್ಕತ್ತೆಯ ಪಂಡಿತರು ಆಕೆಯ ವಿದ್ವತ್ತಿಗೆ ಬೆರಗಾಗಿ ಪಂಡಿತೆ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟಾಗ ಆಕೆಗೆ ಇಪ್ಪತ್ತು ವರ್ಷ. ಇಂದು ನಮಗಿರುವಷ್ಟೇ ವಯಸ್ಸು. ಬಿರುದು ದೊರೆಯಿತು, ಮನಸ್ಸಿಗೆ ಶಾಂತಿ ದೊರೆಯಲಿಲ್ಲ.

1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ಅವರು ಜಾತಿಯ ಕಟ್ಟನ್ನು ಮೀರಿ ಬಿಪಿನ್ ಬಿಹಾರಿ ಎಂಬ ವಕೀಲರನ್ನು ಮದುವೆಯಾದರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. ಮರುವರ್ಷ ಪತಿಯನ್ನು ಕಾಲರಾ ಒಯ್ಯಿತು. ವಿಧವೆಯಾಗಿ, ಕಂಕುಳಲ್ಲಿ ಕೂಸು ಹೊತ್ತು, ಆಕೆ ಪುಣೆಗೆ ಬಂದರು. ಅಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಸರ್ಕಾರದ ಶಿಕ್ಷಣ ಆಯೋಗದ ಮುಂದೆ ನಿಂತು ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ವಾದಿಸಿದರು. ತಾವೇ ವೈದ್ಯಶಾಸ್ತ್ರ ಕಲಿಯಲು 1883ರಲ್ಲಿ ಇಂಗ್ಲೆಂಡಿಗೆ ಹೋದರೆ, ಕಿವಿ ಮಂದವಾದುದರಿಂದ ಆ ಆಸೆಯೂ ಕೈಗೂಡಲಿಲ್ಲ.

ಆ ವರ್ಷವೇ ಅವರು ಕ್ರೈಸ್ತಮತವನ್ನು ಸ್ವೀಕರಿಸಿದರು. ಇದರಿಂದ ಸ್ವದೇಶದಲ್ಲಿ ಅನೇಕರಿಗೆ ನೋವಾಯಿತು. ಆದರೆ ಅವರ ಶ್ರದ್ಧೆ ಯಾರಿಗೂ ಮಣಿಯುವಂಥದಾಗಿರಲಿಲ್ಲ. ಇಂಗ್ಲೆಂಡಿನ ಗುರುಗಳು ಹೇಳಿದ್ದನ್ನೆಲ್ಲ ಅವರು ತಲೆದೂಗಿ ಒಪ್ಪಲಿಲ್ಲ. ಅವರೊಡನೆ ಪತ್ರಗಳಲ್ಲಿ ದೀರ್ಘವಾಗಿ ವಾದಿಸಿದರು. ಸಸ್ಯಾಹಾರವನ್ನೂ ಬಿಡಲಿಲ್ಲ. ದೇವರಿಗೆ ವಿಧೇಯರಾಗುವುದು ಬೇರೆ, ಮನುಷ್ಯರಿಗೆ ತಲೆಬಾಗುವುದು ಬೇರೆ ಎಂಬುದನ್ನು ಅವರು ಬಲ್ಲವರಾಗಿದ್ದರು.

ಅಮೆರಿಕೆಯಲ್ಲಿ ಉಪನ್ಯಾಸ ಮಾಡಿ ನೆರವು ಪಡೆದು, 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಅಲ್ಲಿ ಸೇರಿದ ಮೊದಲ ವಿಧವೆ ಗೋದೂಬಾಯಿಯೇ ಮುಂದೆ ಮಹರ್ಷಿ ಕರ್ವೆಯವರ ಪತ್ನಿಯಾದರು. ಮರುವರ್ಷ ಸದನ ಪುಣೆಗೆ ಬಂದಿತು. 1893ರಲ್ಲಿ, ಹುಡುಗಿಯರು ರಮಾಬಾಯಿಯವರ ಪ್ರಾರ್ಥನೆಯಲ್ಲಿ ಕುಳಿತುಕೊಳ್ಳುತ್ತಾರೆಂಬ ಕಾರಣದಿಂದ ವಾದವೆದ್ದಿತು. ಹುಡುಗಿಯರನ್ನು ಮತಾಂತರವಿಲ್ಲದೆ ಓದಿಸುವರೆಂದು ನಂಬಿದ್ದ ರಾನಡೆ, ಭಂಡಾರ್ಕರರಂಥ ಹಿರಿಯರು ಹಿಂದೆ ಸರಿದರು. ಅನೇಕ ಪೋಷಕರು ತಮ್ಮ ಮಕ್ಕಳನ್ನು ಕರೆದೊಯ್ದರು. ಆ ಹಿರಿಯರ ಬೇಸರದಲ್ಲೂ ನ್ಯಾಯವಿತ್ತೆಂದು ನನಗೆ ತೋರುತ್ತದೆ. ರಮಾಬಾಯಿಯವರು ಮಾತ್ರ ತಮ್ಮ ಪ್ರಾರ್ಥನೆಯ ಬಾಗಿಲನ್ನು ಮುಚ್ಚಲಿಲ್ಲ, ಸದನವನ್ನೂ ಮುಚ್ಚಲಿಲ್ಲ.

ಇಲ್ಲಿಯವರೆಗಿನ ಕಥೆ ಧೈರ್ಯದ ಕಥೆ. ಆದರೆ ನನ್ನ ಮನಸ್ಸನ್ನು ಕಲಕಿದ್ದು ಇನ್ನು ಮುಂದಿನದು. 1896ರಲ್ಲಿ ಮಧ್ಯ ಪ್ರಾಂತದಲ್ಲಿ ಮತ್ತೆ ಬರಗಾಲ ಬಿತ್ತು. ಇಪ್ಪತ್ತು ವರ್ಷಗಳ ಹಿಂದೆ ತಮ್ಮ ಹೆತ್ತವರನ್ನು ನುಂಗಿದ ಹಸಿವು ಈಗ ಬೇರೆಯವರ ಮಕ್ಕಳನ್ನು ನುಂಗುತ್ತಿತ್ತು. ರಮಾಬಾಯಿಯವರ ಬಳಿ ಅದಕ್ಕೆಂದು ಹಣವಿರಲಿಲ್ಲ. ಅಮೆರಿಕೆಯಿಂದ ಬರುತ್ತಿದ್ದುದು ಸದನಕ್ಕೆ ಮಾತ್ರ. ಹಣ ಬರಲೆಂದು ಅವರು ಕಾಯಲಿಲ್ಲ. ತಮ್ಮ ಹಳೆಯ ಹಸಿವನ್ನೇ ದೇವರ ಅಪ್ಪಣೆಯೆಂದು ತಿಳಿದು ಹೊರಟರು. ದಾರಿಬದಿಯಲ್ಲಿ ಸಿಕ್ಕ, ಎಲುಬಿನ ಗೂಡುಗಳಂತಿದ್ದ ಹುಡುಗಿಯರನ್ನು ಜಾತಿ ಕೇಳದೆ ಕರೆತಂದರು. ಅವರ ಸಂಖ್ಯೆ ಸುಮಾರು 300. ಪುಣೆಯಲ್ಲಿ ಪ್ಲೇಗಿನ ನಿರ್ಬಂಧಗಳು ಬಂದಾಗ, ಕೇಡಗಾಂವಿನಲ್ಲಿ ಕೊಂಡಿದ್ದ ಹೊಲಕ್ಕೆ ಅವರನ್ನು ಸಾಗಿಸಿದರು. ಅಲ್ಲಿ 1898ರಲ್ಲಿ ಮುಕ್ತಿ ಸದನ ತಲೆಯೆತ್ತಿತು. 1900ರ ಗುಜರಾತಿನ ಬರಗಾಲದ ತರುವಾಯ ಅಲ್ಲಿದ್ದವರ ಸಂಖ್ಯೆ ಸಾವಿರವನ್ನು ಮೀರಿತು.

ಈ ಮುಕ್ತಿ ಸದನದಲ್ಲಿ ಪ್ರಾರ್ಥನೆಯಷ್ಟೇ ದುಡಿಮೆಯೂ ನಡೆಯುತ್ತಿತ್ತು. ಹುಡುಗಿಯರು ಅಕ್ಷರ ಕಲಿತರು. ಬೇಸಾಯ, ನೇಯ್ಗೆ, ಗಾಣ, ಮುದ್ರಣ ಕಲಿತರು. ಕುರುಡರಿಗೆ ಬ್ರೈಲ್ ಲಿಪಿ ಕಲಿಸುವ ಏರ್ಪಾಡಾಯಿತು. ಶಾಸ್ತ್ರ ಬಂದರೂ ಕೂಲಿ ಮಾಡಲು ಬಾರದೆ ಹಸಿದು ಸತ್ತ ಒಂದು ಕುಟುಂಬದ ಮಗಳು, ಯಾವ ಹೆಣ್ಣಿಗೂ ಮತ್ತೆ ಆ ಗತಿ ಬಾರದಿರಲೆಂದು ಮಾಡಿದ ಕೆಲಸವಿದು. ನಮ್ಮ ಗುಲಬರ್ಗಾದಲ್ಲಿಯೂ ಅವರು ಶಾಲೆಯೊಂದನ್ನು ತೆರೆದರು.

ಕೊನೆಗಾಲದಲ್ಲಿ ಅವರು ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು ಬೈಬಲನ್ನು ಸರಳ ಮರಾಠಿಗೆ ಅನುವಾದಿಸಿದರು. ತಮ್ಮ ಬಲಗೈಯಂತಿದ್ದ ಮನೋರಮಾ 1921ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡಳು. ಆದರೂ ಅವರು ಕೆಲಸ ಬಿಡಲಿಲ್ಲ. 1922ರ ಏಪ್ರಿಲ್ 5ರಂದು ಅವರು ನಿಧನ ಹೊಂದಿದರು. ಕೇಡಗಾಂವಿನ ಸಂಸ್ಥೆ ಇಂದಿಗೂ ನಡೆಯುತ್ತಿದೆ.

ದೇವರು ಕಷ್ಟವನ್ನು ತಪ್ಪಿಸುತ್ತಾನೆಂದು ಈ ಜೀವನವನ್ನು ಓದಿದವರು ಹೇಳಲಾರರು. ರಮಾಬಾಯಿಯವರಿಗೆ ಯಾವ ಸಾವೂ ತಪ್ಪಲಿಲ್ಲ. ಅವರ ನಂಬಿಕೆಯೆಂದರೆ ಕಾದು ಕುಳಿತುಕೊಳ್ಳುವುದಲ್ಲ, ಎದ್ದು ಹೋಗುವುದಾಗಿತ್ತು. ಅವರ ಮತ ನನ್ನದಲ್ಲ. ಆದರೆ ಈ ಪಾಠವನ್ನು ಯಾವ ಮತದವರಾದರೂ ಕಲಿಯಬಹುದು.

ಮೊನ್ನೆ ರಜೆಯಲ್ಲಿ ಊರಿಗೆ ಹೋದಾಗ ಒಂದು ಸಂಗತಿ ತಿಳಿಯಿತು. ಆ ಬರದ ವರ್ಷ ಅವ್ವ ದಿನವೂ ಎರಡು ಸಲ ನೀರಿಗೆ ಹೋಗುತ್ತಿದ್ದಳಂತೆ. ಎರಡನೆಯ ಕೊಡ ಪಕ್ಕದ ಓಣಿಯ, ನಡೆಯಲಾಗದ ಮುದುಕಿಗೆ. ನಾನು ಕೋಪದಿಂದ ಪ್ರಶ್ನೆ ಕೇಳಿದ ದಿನವೂ ಆ ಕೊಡ ಹೋಗಿತ್ತು. ಓದು ಬಾರದ ಅವ್ವ ನನಗೆ ಅಂದೇ ಉತ್ತರ ಕೊಟ್ಟಿದ್ದಳು. ಓದಿದ ನನಗೆ ಅದು ಕಾಣಲು ಇಷ್ಟು ದಿನ ಬೇಕಾಯಿತು.